ಡ್ರೈವರ್ ಸೀಟಿನ ಮೇಲಿಟ್ಟ ತಗಡು

ದುಬೈಯ ಸತ್ವಾದ ಒಂದು ಗ್ಯಾರೇಜಿನಲ್ಲಿ ಹಸನಬ್ಬ ಇಪ್ಪತ್ತೊಂಬತ್ತು ವರ್ಷ ದುಡಿದರು. ಊರು ಉಪ್ಪಿನಂಗಡಿ. ನಾವೆಲ್ಲ ಕರೆಯುತ್ತಿದ್ದದ್ದು ಹಸನಾಕ ಎಂದು. ಗಾಡಿಯ ರೋಗ ಪತ್ತೆ ಹಚ್ಚುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಮತ್ತು ನಾನು ಕಂಡಕಂಡವರನ್ನು ಹೊಗಳುವ ಪೈಕಿ ಅಲ್ಲ. ನಾನು ಎಡ್ವರ್ಡ್, ಶಿರ್ವದವನು. ಆ ಗ್ಯಾರೇಜಿನ ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತೇನೆ.

ಹಸನಾಕನಿಗೆ ಎರಡು ಪದ್ಧತಿಗಳಿದ್ದವು. ಕೆಲಸ ಅರ್ಧಕ್ಕೆ ಬಿಟ್ಟು ಹೋಗಬೇಕಾದರೆ ಬಿಚ್ಚಿದ ಸಾಮಾನನ್ನು ಅದೇ ಗಾಡಿಯ ಡ್ರೈವರ್ ಸೀಟಿನ ಮೇಲೆ ಇಡುವುದು. ಸೀಟಿನಲ್ಲಿ ಕೂರದೆ ಯಾರೂ ಗಾಡಿ ಓಡಿಸಲಾರರಲ್ಲ. ಹಾಗಾಗಿ ಮರೆಯುವ ಪ್ರಶ್ನೆಯೇ ಇಲ್ಲ. ಎರಡನೆಯದು, ಕೊನೆಗೆ ಬಾನೆಟ್ ಮುಚ್ಚಿದವನೇ ಆ ಕೆಲಸಕ್ಕೆ ಜವಾಬ್ದಾರ. "ಹಸನಾಕ, ರಾತ್ರಿ ಮಲಗುವಾಗ ಹಲ್ಲಿನ ಸೆಟ್ಟನ್ನೂ ಸೀಟಿನ ಮೇಲೆಯೇ ಇಡ್ತೀರಾ?" ಎಂದು ನಾನು ಕೆಣಕುತ್ತಿದ್ದೆ. ಅವರು ನಗುತ್ತಿದ್ದರು, ಪದ್ಧತಿ ಮಾತ್ರ ಬಿಡುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಶಾರ್ಜಾದ ಝಿಯಾದ್ ಎಂಬವನು ತನ್ನ ಜೀಪಿಗೆ ಇಲ್ಲಿ ಇಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಹಾಕಿಸಿಕೊಂಡ. ಮರಳಗುಡ್ಡ ಹತ್ತಿಸುವ ಹುಚ್ಚು ಅವನಿಗೆ. ಟರ್ಬೊದ ಪೈಪನ್ನು ಬಗ್ಗಿಸಿ ವೆಲ್ಡಿಂಗ್ ಮಾಡಿದವನು ಇದೇ ಗ್ಯಾರೇಜಿನ ಕೆಲಸಗಾರ, ಕೆಜಿಎಫ್‌ನ ಮುನಿಸ್ವಾಮಿ. ಗಾಡಿ ಕೊಂಡುಹೋದ ವಾರದಲ್ಲೇ ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಸುಟ್ಟಿತು. ಪ್ಲಗ್ಗಿಗೆ ಕಿಡಿ ಕೊಡುವ ಗೇಣುದ್ದದ ಕರಿ ಸಾಮಾನು ಅದು, ಒಂದೊಂದು ಸಿಲಿಂಡರಿಗೆ ಒಂದೊಂದು. ಝಿಯಾದ್ ನನ್ನ ಅಂಗಡಿಯಿಂದ ಹೊಸದು ಕೊಂಡು ತಾನೇ ಹಾಕಿಕೊಂಡ. ಹತ್ತು ದಿನಕ್ಕೆ ಅದೂ ಸುಟ್ಟಿತು. ಸುಟ್ಟದ್ದು ಮರುಭೂಮಿಯ ನಡುವೆ, ಸುಡುವ ಮಧ್ಯಾಹ್ನ, ಸಕ್ಕರೆ ಕಾಯಿಲೆಯ ಅವನ ತಂದೆ ಪಕ್ಕದಲ್ಲಿ ಕೂತಿದ್ದಾಗ. ಸಹಾಯ ಬರಲು ಎರಡು ಗಂಟೆ ಹಿಡಿಯಿತು. ಮುದುಕರು ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಹೇಗೋ ಉಳಿದುಕೊಂಡರು.

ಗ್ಯಾರೇಜಿನ ಧನಿ ಮೋಹನದಾಸ್ ಕೆಂಡವಾದರು. "ಪೈಪ್ ಬಗ್ಗಿಸಿದವನದ್ದೇ ತಪ್ಪು. ಅವನ ವೀಸಾ ಈ ತಿಂಗಳು ಮುಗೀತದೆ. ಮುಂದುವರಿಸುದಿಲ್ಲ. ಖಲಾಸ್!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಮುನಿಸ್ವಾಮಿಯ ಹೆಂಡತಿ ಊರಿನಿಂದ ಬಂದು ಮೂರು ತಿಂಗಳಾಗಿತ್ತು. ಅಲ್ ನಹ್ದಾದಲ್ಲಿ ಒಂದು ಕೋಣೆ ಹಿಡಿದಿದ್ದರು, ಅವಳು ಬಸುರಿ. ಅವನು ಕೈಗವಸನ್ನು ತೆಗೆಯುವುದೋ ಬೇಡವೋ ಎಂದು ತಿಳಿಯದೆ ನಿಂತಿದ್ದ.

"ಧನಿಗಳೇ, ನಂಗೆ ಒಂದು ಬೆಳಿಗ್ಗೆ ಕೊಡಿ" ಎಂದರು ಹಸನಾಕ. "ಎಂತ ಆದದ್ದು ಅಂತ ನೋಡಿ ಹೇಳ್ತೇನೆ. ಆಮೇಲೆ ಯಾರನ್ನು ಬೇಕಾದ್ರೂ ಕಳಿಸಿ."

ಮರುದಿನ ನಾನೂ ಹೊಸ ಕಾಯಿಲ್ ಹಿಡಿದುಕೊಂಡು ಹೋದೆ. ನನ್ನ ಮಾಲು ಡೂಪ್ಲಿಕೇಟ್ ಎಂದು ಯಾರೋ ಗೊಣಗಿದ್ದು ಕಿವಿಗೆ ಬಿದ್ದು ಮೈಯೆಲ್ಲ ಉರಿಯುತ್ತಿತ್ತು.

ಗ್ಯಾರೇಜಿಗೆ ಎಳೆದು ತಂದಿದ್ದ ಜೀಪಿನ ಇಂಜಿನ್ ಕುಂಟುತ್ತಿತ್ತು. ಮೂರನೇ ಸಿಲಿಂಡರಿನಲ್ಲಿ ದೋಷ ಎಂದು ಸ್ಕ್ಯಾನರ್ ತೋರಿಸಿತು. ಹಸನಾಕ ಮೂರನೆಯ ಕಾಯಿಲನ್ನು ಒಂದನೆಯ ಜಾಗಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ ಮತ್ತೆ ಚಾಲೂ ಮಾಡಿದರು. ಈಗ ದೋಷ ಒಂದನೇ ಸಿಲಿಂಡರಿಗೆ ಬಂದಿತ್ತು.

"ಕಾಯಿಲ್ ಸತ್ತದ್ದು ಹೌದು. ಆದ್ರೆ ಯಾಕೆ ಸತ್ತದ್ದು? ಅದು ಬೇರೆ ಪ್ರಶ್ನೆ."

"ನನ್ನ ಮಾಲು ಒರಿಜಿನಲ್" ಎಂದು ಸಿಡುಕಿದೆ.

"ನಿಮ್ಮನ್ನು ಯಾರು ಕೇಳಿದ್ದು ಪೊರ್ಬುಲೆ?" ಎಂದರು. ಕ್ರಿಸ್ತುವರನ್ನು ನಮ್ಮ ಕಡೆ ಮರ್ಯಾದೆಯಿಂದ ಕರೆಯುವುದು ಹಾಗೆ.

ಸತ್ತ ಕಾಯಿಲನ್ನು ತೆಗೆದು ನಾನು ತಂದದ್ದನ್ನು ಹಾಕಿ, ಅರ್ಧ ಗಂಟೆ ಇಂಜಿನ್ ಓಡಿಸಿ ನಿಲ್ಲಿಸಿದರು. ಆಮೇಲೆ ಒಂದೊಂದೇ ಕಾಯಿಲಿನ ತಲೆಯ ಮೇಲೆ ಬೆರಳಿಟ್ಟರು, ಮಗುವಿನ ಜ್ವರ ನೋಡುವ ಹಾಗೆ. ಒಂದು, ಎರಡು. ಮೂರರಲ್ಲಿ ಬೆರಳು ತಟ್ಟನೆ ಹಿಂದಕ್ಕೆ ಬಂತು. ಟಾರ್ಚ್ ಹಿಡಿದು ಬಗ್ಗಿದರು. ಟರ್ಬೊದ ಬಿಸಿ ಪೈಪು ಆ ಕಾಯಿಲಿನಿಂದ ಎರಡು ಬೆರಳು ದೂರದಲ್ಲಿತ್ತು. ಎರಡರ ನಡುವೆ ಬೋಲ್ಟ್ ಇಲ್ಲದ ಎರಡು ತೂತುಗಳು, ಒಳಗೆ ಇನ್ನೂ ಹೊಳಪು.

"ಮುನಿಸ್ವಾಮೀ, ಇಲ್ಲಿ ಎಂತ ಇತ್ತು?"

"ತಗಡು ಅಣ್ಣ. ಪೈಪಿನ ಬಿಸಿ ಕಾಯಿಲಿಗೆ ಹೊಡೀಬಾರ್ದು ಅಂತ ನಾನೇ ಕತ್ತರಿಸಿ ಹಾಕಿದ್ನಲ್ಲ."

ಹಸನಾಕನ ಮುಖ ಇಳಿಯಿತು. ನೆನಪಾದದ್ದನ್ನು ಧನಿಗಳ ಎದುರೇ ಹೇಳಿದರು. ಗಾಡಿ ಕೊಡಬೇಕಾದ ಶುಕ್ರವಾರ ಆ ತಗಡು ಕಟಕಟ ಎನ್ನುತ್ತದೆಂದು ವಾಷರ್ ಹಾಕಲು ಬಿಚ್ಚಿದ್ದರು. ಅಷ್ಟರಲ್ಲಿ ಜುಮಾ ನಮಾಜಿನ ಬಾಂಗು ಆಯಿತು. ತಗಡನ್ನು ಡ್ರೈವರ್ ಸೀಟಿನ ಮೇಲಿಟ್ಟು ಮಸೀದಿಗೆ ಹೋದರು. ಬಂದು ನೋಡಿದರೆ ಸೀಟು ಖಾಲಿ. ಮುನಿಸ್ವಾಮಿ ಹಾಕಿರಬೇಕು ಎಂದುಕೊಂಡು ಬಾನೆಟ್ ಮುಚ್ಚಿದರು.

ಹುಡುಕಿದಾಗ ತಗಡು ಗೋಡೆಯ ರ‍್ಯಾಕಿನಲ್ಲಿ, ಆಯಿಲ್ ಫಿಲ್ಟರ್ ಡಬ್ಬಗಳ ಹಿಂದೆ ಸಿಕ್ಕಿತು.

"ಸೀಟಿನಿಂದ ತೆಗೆದವ ಯಾರು?" ಎಂದು ಮೋಹನದಾಸ್ ಗುಡುಗಿದರು. ಎಲ್ಲರ ಕಣ್ಣು ಮುನಿಸ್ವಾಮಿಯ ಮೇಲೆ ಹೋಯಿತು. ನಮಾಜಿನ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಇದ್ದವನು ಅವನೊಬ್ಬನೇ.

ಅವನೊಬ್ಬನೇ ಅಲ್ಲ, ನಾನೂ ಇದ್ದೆ. ಮುನಿಸ್ವಾಮಿ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತಿದ್ದ. ಫಿಲ್ಟರ್ ಡಬ್ಬ ಕೊಡಲು ಬಂದ ನಾನು ಆ ಜೀಪನ್ನು ನೋಡಿದೆ. ಗಲ್ಫಿಗೆ ಬಂದ ನಮ್ಮವರಿಗೆ ಒಂದು ಚಪಲ ಉಂಟು: ಯಾರದ್ದಾದರೂ ಚಂದದ ಗಾಡಿ ಕಂಡರೆ ಅದರ ಜೊತೆ ಒಂದು ಫೋಟೋ ತೆಗೆದು ಊರಿಗೆ ಕಳಿಸುವುದು. ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ ಓಡಾಡುವ ನಾನು ಸೀಟಿನ ಮೇಲಿದ್ದ ತಗಡನ್ನು ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸ್ಟೇರಿಂಗ್ ಹಿಡಿದು ಫೋಟೋ ತೆಗೆದು ಹೆಂಡತಿ ಕಾರ್ಮಿನ್‌ಗೆ ಕಳಿಸಿದೆ, ವಾಟ್ಸಾಪಿನಲ್ಲಿ ನನ್ನ ಹೆಸರಿನ ಪಕ್ಕಕ್ಕೂ ಅದನ್ನೇ ಹಾಕಿದೆ. ಇಳಿಯುವಾಗ ತಗಡನ್ನು ಡಬ್ಬಗಳ ಜೊತೆ ರ‍್ಯಾಕಿನಲ್ಲಿಟ್ಟೆ. ಅವರ ಪದ್ಧತಿಯನ್ನು ಅಷ್ಟು ವರ್ಷ ಗೇಲಿ ಮಾಡಿದವನಿಗೆ ಆ ಹೊತ್ತಿಗೆ ಅದು ನೆನಪಾಗಲೇ ಇಲ್ಲ.

ಈಗ ಎಲ್ಲ ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬಿನ ಮೇಲಿಂದ ಮೊಬೈಲ್ ಮುಟ್ಟಿಕೊಂಡೆ. ಬಾಯಿ ಬಿಡಲಿಲ್ಲ. ಆ ಮುದುಕರಿಗೆ ಆದದ್ದೆಲ್ಲ ನನ್ನ ತಲೆಗೆ ಬರುತ್ತದೆ, ನನ್ನ ಕೆಲಸವೂ ಹೋಗುತ್ತದೆ ಎಂಬ ಹೆದರಿಕೆ. ಬೇರೆ ಕಾರಣವಿಲ್ಲ.

ಹಸನಾಕ ತಗಡನ್ನು ತಿರುಗಿಸಿ ನೋಡಿದರು. "ಯಾರು ತೆಗೆದರೆಂತ ಧನಿಗಳೇ? ಬಾನೆಟ್ ಮುಚ್ಚಿದ್ದು ನಾನು. ಒಂದು ಸಲ ಬಗ್ಗಿ ನೋಡಿದ್ರೆ ಕಾಣ್ತಿತ್ತು. ನೋಡ್ಲಿಲ್ಲ. ತಪ್ಪು ನಂದು."

ಮುನಿಸ್ವಾಮಿಯ ವೀಸಾ ಮುಂದುವರಿಯಿತು. ಹಸನಾಕನನ್ನು ಇಂಜಿನ್ ಮುಟ್ಟಬೇಡಿ ಎಂದು ಟಯರಿಗೆ ಗಾಳಿ ಹಾಕುವ, ಪಂಕ್ಚರ್ ತೇಪೆ ಹಚ್ಚುವ ಕೆಲಸಕ್ಕೆ ಹಾಕಿದರು. ದುಬೈಯ ಯಾವ್ಯಾವ ಮೂಲೆಯಿಂದ ಅವರನ್ನೇ ಹುಡುಕಿಕೊಂಡು ಗಾಡಿಗಳು ಬರುತ್ತಿದ್ದವು. ಈಗ ಆ ಗಾಡಿಗಳು ಒಳಗೆ ಹೋಗುತ್ತಿದ್ದವು, ಅವರು ಹೊರಗೆ ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ನನ್ನ ಕೌಂಟರಿನಿಂದ ನೇರ ಕಾಣುತ್ತಿತ್ತು. ಐದು ತಿಂಗಳು ದಿನಾ ನೋಡಿದೆ. ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ, ಆದರೂ ಸುಮ್ಮನಿದ್ದೆ. ಅರುವತ್ತು ತುಂಬಿತೆಂದು ಜನವರಿಯಲ್ಲಿ ಅವರ ವೀಸಾ ಮುಂದುವರಿಸಲಿಲ್ಲ.

ಹೊರಡುವ ಹಿಂದಿನ ಸಂಜೆ ಕರಾಮದ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿದೆವು. ಲೋಟ ಕೆಳಗಿಟ್ಟು ಅವರು ಮೆಲ್ಲಗೆ ಹೇಳಿದರು:

"ಪೊರ್ಬುಲೆ, ನಿಮ್ಮ ವಾಟ್ಸಾಪಿನ ಫೋಟೋ ತೆಗೆದುಬಿಡಿ. ಡ್ಯಾಶ್‌ಬೋರ್ಡಿನ ಮೇಲೆ ತಗಡು ಕಾಣ್ತದೆ. ಧನಿಗಳು ನೋಡಿದ್ರೆ ನಿಮಗೆ ಕಷ್ಟ."

ಮೊಬೈಲ್ ತೆಗೆದು ನೋಡಿದೆ, ತಗಡು ಕಾಣುತ್ತಿತ್ತು. "ನೀವು ಯಾವಾಗ ನೋಡಿದ್ದು?"

"ತಗಡು ಸಿಕ್ಕಿದ ದಿನವೇ, ರಾತ್ರಿ. ಒಳ್ಳೆ ಕಾಯಿಲ್ ಕೊಟ್ಟಿರಿ ಅಂತ ನಿಮಗೆ ಮೆಸೇಜ್ ಹಾಕ್ಲಿಕ್ಕೆ ಹೋದಾಗ."

ಮರುದಿನ ಅವರ ವಿಮಾನ ಹೊರಟ ಮೇಲೆ ನಾನು ಮೋಹನದಾಸರ ಮುಂದೆ ಮೊಬೈಲ್ ಹಿಡಿದು ನಿಂತು ಎಲ್ಲ ಹೇಳಿದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ಈಗ ಹೇಳಿ ಎಂತ ಆಗ್ಲಿಕ್ಕುಂಟು? ಅವರು ಹೋಗಿ ಆಯ್ತಲ್ಲ" ಎಂದು ಮೊಬೈಲನ್ನು ವಾಪಸು ಕೊಟ್ಟರು.

ಫೋಟೋ ಬದಲಿಸಿ ಎಂದು ಕಾರ್ಮಿನ್ ಆಗಾಗ ಹೇಳುತ್ತಾಳೆ. ನಾನು ಬದಲಿಸಿಲ್ಲ, ಇನ್ನು ಮುಚ್ಚಿಡುವುದು ಬೇಡ ಎಂದು. ಉಪ್ಪಿನಂಗಡಿಯಲ್ಲಿ ಹಸನಾಕ ಮೊಬೈಲಿನಲ್ಲಿ ನನ್ನ ಹೆಸರು ಒತ್ತಿದರೆ ಆ ತಗಡು ಅವರಿಗೆ ಕಾಣುತ್ತದೆ. ಅವರಿಂದ ಈವರೆಗೆ ಒಂದು ಕರೆಯೂ ಬಂದಿಲ್ಲ.