ಅತ್ತೆ ಮೆಲ್ಲಗೆ ಹೇಳಿಕೊಂಡ ಪಾಪಗಳು

ನಮ್ಮತ್ತೆಗೆ ಕಿವಿ ಮಂದ. ಆದ್ರೆ ಮನೇಲಿ ಯಾರೂ ಆ ಮಾತು ಎತ್ತೋ ಹಾಗಿರಲಿಲ್ಲ. ಎತ್ತಿದ್ರೆ, "ನೀನು ಬಾಯೊಳಗೇ ಗೊಣಗ್ತೀಯ, ಅದಕ್ಕೆ ನನ್ನ ಕಿವಿ ಏನು ಮಾಡುತ್ತೆ?" ಅಂತ ನನ್ನ ಮೇಲೇ ಹಾರೋರು. ನಾನು ಬಾಯೊಳಗೆ ಗೊಣಗೋಳಾ? ನನ್ನ ಗಂಡ ಬಸ್ ಡ್ರೈವರು. ಬಸ್ಸಲ್ಲೂ ಹಾರ್ನು, ಮನೇಲೂ ಹಾರ್ನು, ನನಗೆ ರಜಾನೇ ಇಲ್ಲ ಅಂತ ಸಿಕ್ಕಸಿಕ್ಕವರ ಹತ್ರ ಹೇಳ್ಕೊಂಡು ತಿರುಗ್ತಾರೆ.

ಅತ್ತೆ ವಯಸ್ಸಿನಲ್ಲೆಲ್ಲಾ ನೇಯ್ಗೆ ಗಿರಣೀಲಿ ಇದ್ದವರು. ಮಗ್ಗಗಳ ಸಾಲಿನ ನಡುವೆ ನಿಂತು, ಎಳೆ ಕಡಿದಲ್ಲಿ ಗಂಟು ಹಾಕೋ ಕೆಲಸ. ಆ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳ್ತಿರಲಿಲ್ಲ, ಎಲ್ಲರೂ ತುಟಿ ನೋಡಿಯೇ ಮಾತು ಹಿಡಿಯೋರು. ಕಿವಿ ಅಲ್ಲೇ ಹೋಯ್ತು, ತುಟಿ ಓದೋ ವಿದ್ಯೆ ಉಳೀತು. ಗಿರಣಿ ಮುಚ್ಚಿದ ಮೇಲೆ ಮುಂದಿನ ಕೋಣೇಲಿ ಎರಡು ಮೇಜು ಹಾಕ್ಕೊಂಡು ಇಸ್ತ್ರಿ ಶುರು ಮಾಡಿದ್ರು. ಕಿಟಕಿ ಹತ್ರದ ಮೇಜು ಅವರದ್ದು, ಗೋಡೆ ಕಡೆಯದು ನನ್ನದು. ಗಿರಾಕಿಗಳ ಶರ್ಟಿನ ಜೊತೆಗೆ ನಮ್ಮ ದೇವಾಲಯದ, ಅಂದ್ರೆ ಚರ್ಚಿನ, ಪೂಜೆ ಪೀಠದ ಬಟ್ಟೆಗಳೂ ನಮ್ಮ ಮನೆಗೇ ಬರ್ತವೆ. ಎದುರಿಗೆ ನಿಂತು ಮಾತಾಡಿದ್ರೆ ಅತ್ತೆ ಯಾರಿಗೂ ಸೋಲೋರಲ್ಲ. ಮುಖ ಕಾಣದೇ ಹೋದ್ರೆ ಮಾತ್ರ ಕಷ್ಟ.

ಮುಖ ಕಾಣದ ಜಾಗ ಅಂದ್ರೆ ಪಾಪನಿವೇದನೆ ಗೂಡು. ದೇವಾಲಯದ ಎಡಗೋಡೆಗೆ ಒರಗಿಸಿಟ್ಟ ಮರದ ಗೂಡು ಅದು. ಒಳಗೆ ಗುರುಗಳು, ನಡುವೆ ಜಾಲರಿ, ನಮ್ಮ ಬೆನ್ನಿಗೆ ನೇರಳೆ ಪರದೆ. ಮಂಡಿಯೂರಿ ಜಾಲರಿಗೆ ಬಾಯಿಟ್ಟು ನಮ್ಮ ಪಾಪಗಳನ್ನ ಪಿಸುಗುಟ್ಟಬೇಕು. ಅತ್ತೆ ಪಿಸುಗುಟ್ಟೋರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗಿರಣಿಯ ಪಿಸುಮಾತು ಅದು, ನಾಲ್ಕು ಮಗ್ಗ ದಾಟಿ ಕೇಳೋದು. ಹೊರಗೆ ಬೆಂಚಿನ ಮೇಲೆ ಸರದಿಗೆ ಕೂತವರಿಗೆಲ್ಲಾ ಅತ್ತೆಯ ಪಾಪ ಒಂದಕ್ಷರ ಬಿಡದೆ ಕೇಳಿಸೋದು. ಒಳಗಿದ್ದ ಹಳೇ ಗುರುಗಳು ಮಹಾ ತಾಳ್ಮೆಯವರು, ಏನೂ ಅಂತಿರಲಿಲ್ಲ.

ನಮ್ಮ ದೇವಾಲಯದ ವರ್ಷ ಶುರುವಾಗೋದು ಆಗಮನ ಕಾಲದಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ. ಹೋದ ಸಲ ಆಗಮನ ಕಾಲದ ಮೊದಲ ಶನಿವಾರ ನಾನು ಅತ್ತೆ ಹಿಂದೆಯೇ ಸರದೀಲಿ ಕೂತಿದ್ದೆ. ಅತ್ತೆ ಒಳಗೆ ಹೋಗಿ ಬಾಯಿ ತೆರೆದಿದ್ದೇ ತಡ, ಗಾಯನ ಮೇಳ ನಡೆಸೋ ಗಡಿಯಾರ ರಿಪೇರಿ ಮಾಮ ಜಪಸರ ತೆಗೆದು, "ನಮೋ ಮರಿಯಾ..." ಅಂತ ಗಂಟಲು ಹರಿಯೋ ಹಾಗೆ ಶುರು ಮಾಡಿದ್ರು. ಇಡೀ ಬೆಂಚು ಜೊತೆಗೂಡ್ತು. ಅದೇ ರೂಢಿಯಾಗಿ ಹೋಯ್ತು. ಅತ್ತೆ ಒಳಗೆ ಹೋದ್ರೆ ಹೊರಗೆ ಜಪಸರ. ಹಾಲಿನಂಗಡಿಯಾಕೆ ಒಬ್ಬಳಿದ್ದಾಳೆ, ನಾವು ಅವಳನ್ನ ರೇಡಿಯೋ ಅಂತಲೇ ಕರೆಯೋದು. ಯಾರ ಮನೇಲಿ ಹಾಲು ಒಡೀತು, ಯಾರ ಮನೇಲಿ ಮನಸ್ಸು ಒಡೀತು, ಬೆಳಗಾಗೋದ್ರೊಳಗೆ ಊರಿಗೆಲ್ಲಾ ಹಂಚೋಳು. ಅಂಥವಳು ಅತ್ತೆಯ ಪಾಪದ ಬಗ್ಗೆ ಒಂದೇ ಒಂದು ಸಲ ಬಾಯಿ ಬಿಡಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಗೌರವ.

ಕೇಳಿಸಿಕೊಂಡವರೂ ಗುಟ್ಟು ಕಾಯಬೇಕು ಅನ್ನೋದು ನಿಯಮ. ಹಾಗಾಗಿ ಅತ್ತೆ ಬೇರೆಯವರ ಬಗ್ಗೆ ಹೇಳಿದ್ದು ನನ್ನ ಹೊಟ್ಟೇಲೇ ಇರುತ್ತೆ. ನನ್ನ ಬಗ್ಗೆ ಹೇಳಿದ್ದು ಮಾತ್ರ ನನ್ನ ಸ್ವಂತ ಆಸ್ತಿ, ಅದನ್ನ ಹೇಳ್ತೀನಿ. ಎಷ್ಟು ಜಪಸರ ಹೇಳಿದ್ರೂ ನಡುನಡುವೆ ಉಸಿರು ತಗೋಬೇಕಲ್ಲ, ಆಗ ನನ್ನದೇ ಸುದ್ದಿ ಬೀಳೋದು. "ಸೊಸೆ ಬಾಗಿಲು ದಡಾರ್ ಅಂತ ಬಡೀತಾಳೆ ಫಾದರ್, ನೆಲ ನಡುಗುತ್ತೆ. ನಾನು ಮನಸ್ಸಿನಲ್ಲೇ ಶಾಪ ಹಾಕಿದೆ." ಬೆಂಚಿನಲ್ಲಿದ್ದವರೆಲ್ಲಾ ಕಣ್ಣು ಮುಚ್ಚಿ ಇನ್ನೂ ಭಕ್ತಿಯಿಂದ ಪ್ರಾರ್ಥನೆ ಮಾಡಿದ್ರು. ನನ್ನ ಮೈಯೆಲ್ಲಾ ಉರೀತು. ಮನೇಗೆ ಹೋಗಿ ಜಗಳ ತೆಗೆಯೋಣ ಅಂದ್ರೆ ಹೇಗೆ ತೆಗೆಯೋದು? ದೇವರ ಹತ್ರ ಹೇಳಿದ್ದಕ್ಕೆ ನಾನು ಉತ್ತರ ಕೊಡೋಕಾಗುತ್ತಾ? ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗೋಕೂ ಇಲ್ಲ ಉಗುಳೋಕೂ ಇಲ್ಲ. ಬಾಗಿಲನ್ನ ಮೆಲ್ಲಗೆ ಮುಚ್ಚೋಕೆ ಶುರು ಮಾಡಿದೆ.

ಅಲ್ಲೇ ಎಡವಟ್ಟಾಗಿದ್ದು. ಅತ್ತೆ ಬೆರಗಾಗಿ ಹೋದ್ರು. ಮಗನ್ನ ಕರೆದು, "ನೋಡಿದ್ಯಾ? ಮನಸ್ಸು ಬಿಚ್ಚಿ ಪಾಪನಿವೇದನೆ ಮಾಡಿದ್ರೆ ದೇವರು ಹೇಗೆ ಕೇಳ್ತಾನೆ!" ಅಂದ್ರು. ತಿಂಗಳಿಗೊಮ್ಮೆ ಹೋಗ್ತಿದ್ದವರು ವಾರ ವಾರ ಹೋಗೋಕೆ ಶುರು. ಕೊನೇ ಮಾತು ಯಾವಾಗಲೂ ನನ್ನದೇ ಆಗ್ಬೇಕು ಅಂತ ಹಠ ಮಾಡ್ತೀನಂತೆ, ಅದಕ್ಕೆ ಅವರಿಗೆ ಸಿಟ್ಟಂತೆ. ಆಯ್ತು ತಾಯಿ ಅಂದ್ಕೊಂಡು ಕೊನೇ ಮಾತು ಅವರಿಗೇ ಬಿಟ್ಟೆ. ನಾಲಿಗೆ ಕಚ್ಚಿಕೊಂಡು ಕಚ್ಚಿಕೊಂಡು ಹಲ್ಲಿನ ಗುರುತು ಬಿದ್ದಿತ್ತು. ಅತ್ತೆಯ ಮುಖ ಮಾತ್ರ ದಿನೇ ದಿನೇ ಅರಳ್ತಾ ಹೋಯ್ತು. ಇಸ್ತ್ರಿ ಮಾಡ್ತಾ ಮಾಡ್ತಾ ಹಾಡು ಗುನುಗೋರು. ನಿಜ ಹೇಳ್ತೀನಿ, ಆ ಮುಖ ನೋಡೋದೇ ನನಗೊಂದು ಖುಷಿಯಾಗಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರೋ ಹೊತ್ತಿಗೆ ಹಳೇ ಗುರುಗಳಿಗೆ ವರ್ಗ ಆಯ್ತು. ಹೊಸಬರು ಬಂದ್ರು. ಹರೆಯದವರು, ಒಳ್ಳೇವರು. ಅತ್ತೆ ಅವರ ಹತ್ರ ಮೊದಲ ಸಲ ಪಾಪನಿವೇದನೆಗೆ ಹೋದಾಗ ನಾವು ಯಾರೂ ಮುಂಚಿತವಾಗಿ ಅವರಿಗೆ ಸೂಕ್ಷ್ಮ ಹೇಳಿರಲಿಲ್ಲ. ಪಾಪ, ಅವರು ಜಾಲರಿಯಿಂದ ಪಿಸುಗುಟ್ಟಿದ್ರು, "ಅಮ್ಮ, ಸ್ವಲ್ಪ ಮೆಲ್ಲಗೆ. ಹೊರಗೆ ಕೇಳ್ಸುತ್ತೆ."

"ಆಂ?" ಅಂದ್ರು ಅತ್ತೆ.

"ಹೊರಗೆ ಕೇಳ್ಸುತ್ತೆ ಅಮ್ಮ."

"ಏನಂದ್ರಿ?"

"ಹೊರಗೆ ಎಲ್ಲರಿಗೂ ಕೇಳ್ಸುತ್ತೆ!" ದೇವಾಲಯದ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿ ಹೋದವು.

ಜಪಸರ ನಿಂತೇ ಹೋಯ್ತು. ಪರದೆ ಸರಿಸಿ ಅತ್ತೆ ಹೊರಗೆ ಬಂದ್ರು. ಬೆಂಚಿನ ಮೇಲೆ ನಾವೆಲ್ಲಾ ಮಣಿ ಹಿಡಿದುಕೊಂಡು ಕಲ್ಲಿನ ಹಾಗೆ ಕೂತಿದ್ವಿ. ಒಬ್ಬೊಬ್ಬರ ತುಟಿಯನ್ನೂ ನೋಡಿದ್ರು. ಯಾರ ತುಟಿಯೂ ಅಲ್ಲಾಡ್ತಿರಲಿಲ್ಲ. ತಲೆ ಮೇಲಿನ ಸೆರಗು ಸರಿ ಮಾಡ್ಕೊಂಡು ಒಬ್ಬರೇ ಮನೆಗೆ ನಡೆದ್ರು.

ನಾನು ಹಿಂದೆಯೇ ಓಡಿದೆ. ಅತ್ತೆ ತಮ್ಮ ಮೇಜಿನ ಮುಂದೆ ನಿಂತಿದ್ರು, ಇಸ್ತ್ರಿ ಪೆಟ್ಟಿಗೆ ಮುಟ್ಟಿರಲಿಲ್ಲ. "ಬಾಗಿಲು ಮೆಲ್ಲಗೆ ಮುಚ್ಚಿದ್ದು ದೇವರಲ್ಲ. ನೀನು," ಅಂದ್ರು. ನಾನು ತಲೆ ತಗ್ಗಿಸಿದೆ. ಅಷ್ಟೇ, ಅವತ್ತಿಂದ ನನ್ನ ಜೊತೆ ಮಾತು ಬಂದ್.

ಪಾಪನಿವೇದನೆಗೆ ಹೋಗೋದನ್ನೂ ಬಿಟ್ಟರು. ಪಾಪ ಹೇಳಿಕೊಳ್ಳದೆ ತಗೋಬಾರದು ಅಂತ, ಪೂಜೇಲಿ ಗುರುಗಳು ಕೊಡೋ ಪರಮಪ್ರಸಾದಕ್ಕೂ ಏಳಲಿಲ್ಲ. ಪಾಸ್ಕ ಹಬ್ಬದ, ಅಂದ್ರೆ ಈಸ್ಟರಿನ ಪೂಜೇಲಿ, ಇಡೀ ದೇವಾಲಯ ಹೊಸ ಬಟ್ಟೆ ಹಾಕ್ಕೊಂಡು ಸಾಲಾಗಿ ಮುಂದೆ ಹೋಗ್ತಿದ್ರೆ, ಅತ್ತೆ ಮಂಡಿ ಓರೆ ಮಾಡಿ ಎಲ್ಲರಿಗೂ ದಾರಿ ಬಿಟ್ಟು ಕೂತೇ ಇದ್ರು. ಪೀಠದ ಮೇಲೆ ಹಾಸಿದ್ದ ಬಟ್ಟೆ ಅವರೇ ಇಸ್ತ್ರಿ ಮಾಡಿದ್ದು.

ಹೊಸ ಗುರುಗಳು ಕ್ಷಮೆ ಕೇಳೋಕೆ ಮನೆಗೇ ಬಂದ್ರು. ಅತ್ತೆ ಕುರ್ಚಿ ಹಾಕಿ ಕೂರಿಸಿ, ಅವರ ನಿಲುವಂಗಿಗೆ ಇಸ್ತ್ರಿ ಹಾಕಿ ಕೊಟ್ಟು, ಹವಾಮಾನದ ಬಗ್ಗೆ ಮಾತಾಡಿ ಕಳಿಸಿದ್ರು. ಮಗ ಕಿವಿಗೆ ಹಾಕೋ ಮಷೀನು ತಂದ್ರು. ಅದು ಗುಂಡಿ ಡಬ್ಬಿ ಸೇರ್ತು. ನನಗೆ ಏನಾದ್ರೂ ಹೇಳೋದಿದ್ರೆ ಮಗನ ಮೂಲಕ. ಮಗ ಡ್ಯೂಟಿಗೆ ಹೋಗಿದ್ರೆ ಶರ್ಟಿನ ಮೂಲಕ. "ಈ ಕಾಲರು ಇನ್ನೊಂದು ಸಲ ಆಗ್ಬೇಕು," ಅಂತ ಶರ್ಟಿಗೆ ಹೇಳಿ ನನ್ನ ಮೇಜಿಗೆ ಎಸೆಯೋರು. ನಾನೂ ಶರ್ಟಿಗೇ, "ಆಗ್ಲಪ್ಪಾ," ಅಂತಿದ್ದೆ. ನನ್ನ ಗಂಡ, "ನಿಮ್ಮಿಬ್ಬರ ನಡುವೆ ಗೇರು ಬದಲಾಯಿಸಿ ನನ್ನ ಕೈ ಬಿದ್ದು ಹೋಯ್ತು," ಅಂತ ಗೋಳಾಡಿದ್ರು. ನಗು ಬರೋದು, ಆದ್ರೆ ನಗೋಕೆ ಜೊತೆ ಬೇಕಲ್ಲ. ಅತ್ತೆ ಹಾಡು ಗುನುಗೋದು ನಿಂತು ಆ ಕೋಣೇನೇ ಬಿಕೋ ಅಂತಿತ್ತು.

ಮಳೆ ಹೋಯ್ತು, ಸತ್ತವರ ಸ್ಮರಣೆಯ ದಿನವೂ ಬಂತು. ಸ್ಮಶಾನದಲ್ಲಿ ಮಾವನ ಸಮಾಧಿಗೆ ಮೋಂಬತ್ತಿ ಹಚ್ಚಿ ಅತ್ತೆ ಬಹಳ ಹೊತ್ತು ನಿಂತ್ರು. ಅಲ್ಲೇ ಪೂಜೆ. ಅಲ್ಲೂ ಪರಮಪ್ರಸಾದಕ್ಕೆ ಹೋಗಲಿಲ್ಲ. ನನ್ನ ಸಹನೆಯ ಕಟ್ಟೆ ಒಡೀತು. ಸಾಲಿನಲ್ಲಿ ಅರ್ಧ ದಾರಿ ಹೋಗಿದ್ದವಳು ವಾಪಸ್ ಬಂದು ಅವರ ಪಕ್ಕ ನಿಂತೆ. ತಿರುಗಿ ನೋಡಿದ್ರು. ತುಟಿ ಚೆನ್ನಾಗಿ ಕಾಣೋ ಹಾಗೆ ಹೇಳಿದೆ: "ನೀವು ಹೋಗೋ ತನಕ ನಾನೂ ಹೋಗಲ್ಲ."

ಮುಂದಿನ ಭಾನುವಾರವೂ ಕೂತೆ. ಅದರ ಮುಂದಿನ ಭಾನುವಾರವೂ. ಇಬ್ಬರೂ ಮಂಡಿ ಓರೆ ಮಾಡಿ ಎಲ್ಲರಿಗೂ ದಾರಿ ಬಿಟ್ಟು ಕೂರ್ತಿದ್ವಿ. ಹಠದಲ್ಲಿ ನಾನೇನು ಕಮ್ಮಿನಾ? ಅತ್ತೆ ಮಗನ ಹತ್ರ ಸಿಡಿದ್ರು, "ನಿನ್ನ ಹೆಂಡತಿಗೆ ಹೇಳು, ನನ್ನ ಪಾಪಕ್ಕೆ ಅವಳ್ಯಾಕೆ ಉಪವಾಸ!" ನಾನು ಶರ್ಟಿಗೆ ಹೇಳಿದೆ, "ನನ್ನಿಷ್ಟ." ಹೇಳಿದ್ದೇನೋ ಹೌದು, ಒಳಗೊಳಗೇ ಅಳು ಬರ್ತಿತ್ತು. ಕ್ರಿಸ್ಮಸ್ಸೂ ಹೀಗೇ ಕಳೆದು ಹೋದ್ರೆ ಅತ್ತೆ ಇನ್ನು ಯಾವತ್ತೂ ಏಳಲ್ಲ ಅಂತ ನನಗೆ ಗೊತ್ತಿತ್ತು.

ಕ್ರಿಸ್ಮಸ್ಸಿನ ಮುಂಚಿನ ಶನಿವಾರ ಇಸ್ತ್ರಿ ಪೆಟ್ಟಿಗೆ ಆರಿಸಿ ಅತ್ತೆ ಚಪ್ಪಲಿ ಮೆಟ್ಟಿದ್ರು. ನಾನು ಕೇಳದೇ ಹಿಂದೆ ಹೋದೆ. ಬೆಂಚಿನಲ್ಲಿ ಜಾಗ ಇರಲಿಲ್ಲ, ಹಬ್ಬದ ಮುಂಚಿನ ನೂಕುನುಗ್ಗಲು. ಅತ್ತೆಯ ಸರದಿ ಬಂತು, ಒಳಗೆ ಹೋದ್ರು. ಗಡಿಯಾರ ಮಾಮ ಗಡಬಡಿಸಿ ಜಪಸರ ತೆಗೆದು, "ನಮೋ ಮರಿ..." ಅಂದಿದ್ದರಷ್ಟೇ, ಪರದೆಯಿಂದ ಅತ್ತೆಯ ತಲೆ ಹೊರಗೆ ಬಂತು.

"ಸಾಕು ನಿಲ್ಸಿ. ಇವತ್ತು ಕೇಳಿಸ್ಕೊಳ್ಳಿ," ಅಂದು ತಲೆ ಒಳಗೆ ಎಳ್ಕೊಂಡ್ರು.

ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದ್ರು. ಗಿರಣಿಯ ಈ ತುದಿಯಿಂದ ಆ ತುದಿಗೆ ಕೂಗೋ ದನೀಲಿ ಅತ್ತೆ ಹೇಳಿದ್ರು: "ಫಾದರ್, ಮನೇಲಿ ನೆಮ್ಮದಿ ಬಂತು, ದೇವರು ಕೊಟ್ಟ ಅಂತ ಕುಣಿದಾಡಿದೆ. ಕೊಟ್ಟಿದ್ದು ಸೊಸೆ ಅಂತ ಗೊತ್ತಾಯ್ತು, ಮುಖ ತಿರುಗಿಸಿದೆ. ದೇವರು ಕೊಟ್ರೆ ಸಂತೋಷ, ಸೊಸೆ ಕೊಟ್ರೆ ಅವಮಾನ. ಇದಕ್ಕೆ ಏನು ಹೆಸರೋ ಗೊತ್ತಿಲ್ಲ ಫಾದರ್. ಆದ್ರೆ ಇದು ಪಾಪವೇ."

ರೇಡಿಯೋ ನನ್ನ ಕೈ ಹಿಡ್ಕೊಂಡ್ಲು. ಒಳಗೆ ಗುರುಗಳು ಏನೋ ಪಿಸುಗುಟ್ಟಿದ್ರು, "ಆಂ?" ಅಂತ ಕೇಳ್ತು. ಕೊನೆಗೆ ಅವರೂ ನಾಚಿಕೆ ಬಿಟ್ಟು ಕೂಗಿದ್ರು, "ಪ್ರಾಯಶ್ಚಿತ್ತಕ್ಕೆ ಹೋಗಿ ಸೊಸೆ ಜೊತೆ ಮಾತಾಡಿ!"

"ಅಯ್ಯೋ, ಅದು ಕಷ್ಟ. ಅದರ ಬದಲು ಮೂರು ನಮೋ ಮರಿಯಾ ಕೊಡಿ, ಹೇಳ್ತೀನಿ."

ಬೆಂಚೆಲ್ಲಾ ನಕ್ಕಿತು. ಗುರುಗಳು ಒಪ್ಪಲಿಲ್ಲ. ಅತ್ತೆ ಹೊರಗೆ ಬಂದು ಸೀದಾ ನನ್ನ ಮುಂದೆ ನಿಂತ್ರು. ನನಗೆ ಕಣ್ಣೆಲ್ಲಾ ಮಂಜು, ಮೂಗಿಂದ ನೀರು. ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದ್ರು, ಕೊಳೆ ಬಟ್ಟೆ ತಿಕ್ಕಿದಷ್ಟು ಜೋರಾಗಿ.

"ಹೋಗು, ನಿನ್ನ ಸರದಿ," ಅಂದ್ರು. ಆಮೇಲೆ ಬೆಂಚಿನವರನ್ನ ಸರಿಸಿ ಗೂಡಿನ ಪಕ್ಕದಲ್ಲೇ ಜಾಗ ಮಾಡ್ಕೊಂಡು ಕೂತು, ಕತ್ತು ಮುಂದೆ ಚಾಚಿದ್ರು. "ಜೋರಾಗಿ ಹೇಳು. ನನಗೆ ಕಿವಿ ಕೇಳಲ್ಲ."

ನಾನು ಒಳಗೆ ಹೋಗಿ, ಪರದೆ ಮುಚ್ಚದೆ, ಮೊದಲು ಅವರ ವಿಷಯದಿಂದಲೇ ಶುರು ಮಾಡಿದೆ.