ನೀರು ಕುಡಿಯದ ವರ್ಷಗಳು

ಉಡುಪಿಯ ಒಂದು ಜವಳಿ ಅಂಗಡಿಯ ಮೊದಲ ಮಹಡಿಯಲ್ಲಿ ನಾನು ಸೀರೆ ತೋರಿಸುವ ಕೆಲಸಕ್ಕಿದ್ದೆ. ಮದುವೆಯ ರೇಷ್ಮೆ ಸೀರೆಗಳ ವಿಭಾಗ. ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿದರೆ ಮನೆಗೆ ಮರಳುವಾಗ ಕತ್ತಲಾಗಿರುತ್ತಿತ್ತು. ಊಟದ ಹೊತ್ತು ಬಿಟ್ಟರೆ ಉಳಿದಷ್ಟು ಹೊತ್ತೂ ನಿಂತೇ ಇರಬೇಕು. ನಿಂತು ನಿಂತು ಕಾಲಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುವುದು.

ಹೆಂಗಸರ ಶೌಚಾಲಯ ಗೋದಾಮಿನ ಹಿಂದೆ. ಅಲ್ಲಿಗೆ ಹೋಗಬೇಕಾದರೆ ನಮ್ಮ ಮಹಡಿಯ ಮ್ಯಾನೇಜರನಿಗೆ ಹೇಳಬೇಕು. ನನಗಿಂತ ಎಷ್ಟೋ ಚಿಕ್ಕವ. ಗಿರಾಕಿಗಳ ಎದುರೇ ಕೈಗಡಿಯಾರ ನೋಡಿ, "ಈಗಷ್ಟೇ ಹೋದದ್ದಲ್ವಾ?" ಎನ್ನುತ್ತಿದ್ದ. ಜೊತೆಗೊಂದು ನಗು. ಆ ನಗುವಿಗೆ ಸೀರೆ ನೋಡುತ್ತಿದ್ದ ಗಂಡಸರೂ ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದರು. ಎರಡು ಸಲ ಹಾಗಾದ ಮೇಲೆ ನಾನು ಕೇಳುವುದನ್ನೇ ಬಿಟ್ಟೆ. ನೀರು ಕುಡಿದರೆ ತಾನೇ ಹೋಗಬೇಕಾದದ್ದು? ಬೆಳಿಗ್ಗೆ ಅರ್ಧ ಲೋಟ ಚಹಾ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು. ನಾನೊಬ್ಬಳೇ ಅಲ್ಲ, ನಮ್ಮ ಮಹಡಿಯ ಎಲ್ಲ ಹೆಂಗಸರೂ ಹೀಗೆಯೇ ವರ್ಷಗಟ್ಟಲೆ ಕಳೆದೆವು. ಅದರ ಬಗ್ಗೆ ನಮ್ಮ ನಮ್ಮಲ್ಲೂ ಮಾತಾಡುತ್ತಿರಲಿಲ್ಲ.

ನೋವು ಬಂದದ್ದು ಮದುವೆಯ ಸೀಸನ್ನಿನಲ್ಲಿ, ಅಂಗಡಿ ತುಂಬಿ ತುಳುಕುತ್ತಿದ್ದಾಗ. ಮದುಮಗಳ ಕಡೆಯವರ ಎದುರು ನೆಲದ ಹಾಸಿನ ಮೇಲೆ ಸೀರೆ ಬಿಚ್ಚಿ ಹರಡುತ್ತಿದ್ದೆ. ಎಡ ಸೊಂಟದ ಹಿಂದೆ ಏನೋ ಹಿಡಿದ ಹಾಗಾಯಿತು. ವಾಯು ಇರಬೇಕು ಎಂದುಕೊಂಡೆ. ಇನ್ನೊಂದು ಸೀರೆಯ ಮಡಿಕೆ ಬಿಡಿಸುವಷ್ಟರಲ್ಲಿ ಅದು ಹೊಟ್ಟೆಯ ಪಕ್ಕದಿಂದ ಇಳಿದು ತೊಡೆಯ ಸಂದಿನವರೆಗೆ ಸೀಳಿಕೊಂಡು ಬಂತು. ಇಬ್ಬರು ಮಕ್ಕಳನ್ನು ಹೆತ್ತವಳು ನಾನು. ಹೆರಿಗೆ ನೋವು ನಡುನಡುವೆ ಉಸಿರಾಡಲಿಕ್ಕಾದರೂ ಬಿಡುತ್ತದೆ, ಇದು ಬಿಡಲಿಲ್ಲ. ಬಗ್ಗಿದವಳು ಹಾಗೆಯೇ ಸೀರೆಗಳ ಮೇಲೆ ಕುಸಿದೆ. ವಾಂತಿ ಒತ್ತಿ ಬಂತು.

ಮ್ಯಾನೇಜರ್ ಓಡಿ ಬಂದ. "ಸೀರೆ ಎತ್ತಿ, ಮೊದಲು ಸೀರೆ ಎತ್ತಿ!" ಎಂದು ಕೂಗಿದ. ನನ್ನ ಅಡಿಯಲ್ಲಿದ್ದ ಸೀರೆಯನ್ನು ತಾನೇ ಎಳೆದ. ನನ್ನ ತಲೆ ನೆಲಕ್ಕೆ ಬಡಿಯಿತು. ನನ್ನನ್ನು ಎತ್ತಿ ರಿಕ್ಷಾಕ್ಕೆ ಹತ್ತಿಸಿದ್ದು ಸೀರೆ ಕೊಳ್ಳಲು ಬಂದ ಹೆಂಗಸರು.

ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟರು, ಸ್ಕ್ಯಾನ್ ಮಾಡಿಸಿದರು. ಎಡ ಮೂತ್ರಪಿಂಡದಿಂದ ಇಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಹಾಕಿಕೊಂಡಿತ್ತು. ಅಲ್ಲಿನ ವೈದ್ಯರು ಸ್ಪಷ್ಟವಾಗಿಯೇ ಹೇಳಿದರು: "ಸಣ್ಣ ಕಲ್ಲಾದರೆ ತಾನಾಗಿಯೇ ಹೋಗ್ತದೆ. ಇದು ಸ್ವಲ್ಪ ದೊಡ್ಡದುಂಟು. ಮಾತ್ರೆ ತೆಗೆದುಕೊಳ್ಳಿ, ನೀರು ಕುಡಿಯಿರಿ, ಮುಂದಿನ ವಾರ ಬನ್ನಿ. ನಡುವೆ ಜ್ವರ ಬಂದರೆ ಮಾತ್ರ ಕಾಯಬೇಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಿ."

ಸುದ್ದಿ ಕೇಳಿ ಕಾರ್ಕಳದಿಂದ ಅಕ್ಕ ಬಂದಳು. ಬಂದವಳು ನನ್ನನ್ನು ಅವಳ ಮನೆಗೇ ಕರೆದುಕೊಂಡು ಹೋದಳು. ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ, ಮಧ್ಯಾಹ್ನ ಹುರುಳಿ ಸಾರು. ಅದರಲ್ಲಿ ತಪ್ಪೇನಿಲ್ಲ. ಆದರೆ ವೈದ್ಯರು ಕೊಟ್ಟ ಮಾತ್ರೆಯ ಚೀಟಿಯನ್ನು ಅವಳು ಕಪಾಟಿನ ಮೇಲೆ ಎತ್ತಿಟ್ಟಳು. "ಇದರ ಜೊತೆ ಅದು ಸೇರಿದರೆ ಹೀಟು" ಎಂದಳು. ಮರುವಾರ ಹೋಗಬೇಕಲ್ಲ ಎಂದರೆ, "ಆಪರೇಷನ್ ಮಾಡಿಸಲಿಕ್ಕೆ ಅವರಿಗೊಂದು ನೆವ ಬೇಕು ಮಾರಾಯ್ತಿ. ಕರಗ್ತದೆ, ಸುಮ್ಮನಿರು" ಎಂದಳು. ನನ್ನ ಗಂಡ ಫೋನಿನಲ್ಲಿ "ಅಕ್ಕ ಹೇಳಿದ ಹಾಗೆ ಮಾಡು" ಎಂದುಬಿಟ್ಟರು. ನೋವು ಆಗಾಗ ಬಂದು ಹೋಗುತ್ತಿತ್ತು. ನಾನು ಅವಳ ಜಗಲಿಯಲ್ಲಿ ಮಲಗಿ ಹಲ್ಲು ಕಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಚಳಿ ಹಿಡಿಯಿತು. ಸುಡುವ ಬಿಸಿಲಿನಲ್ಲಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಬಡಿಯುತ್ತಿತ್ತು. ವೈದ್ಯರ ಮಾತು ನೆನಪಾಗಿ, "ಮಣಿಪಾಲಕ್ಕೆ ಹೋಗುವ" ಎಂದೆ. ಅಕ್ಕ ಕಾಳುಮೆಣಸಿನ ಕಷಾಯ ತಂದಳು. ನಾನು ಲೋಟ ತಳ್ಳಿದೆ. ಕಷಾಯ ಅವಳ ಕೈ ಮೇಲೆ ಚೆಲ್ಲಿತು. "ನನ್ನನ್ನು ಕೊಲ್ಲಲಿಕ್ಕೆ ಕರಕೊಂಡು ಬಂದದ್ದಾ ನೀನು?" ಎಂದು ಕಿರುಚಿದೆ. "ಬುದ್ಧಿ ಇಲ್ಲದವಳೇ, ಇಷ್ಟು ದಿನ ಮಾಡಿದ್ದಕ್ಕೆ ಇದಾ?" ಎಂದು ಅವಳೂ ಕಿರುಚಿದಳು. ಭಾವನೇ ನಡುವೆ ಬಂದು ಕಾರು ಹೊರಗೆ ತೆಗೆದರು. ಅಕ್ಕ ಕಾರು ಹತ್ತಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದು ಒಬ್ಬ ಯುವ ವೈದ್ಯೆ. ನಾಡಿ ಹಿಡಿದು, ಹಳೆಯ ಸ್ಕ್ಯಾನ್ ನೋಡಿ, ಹೊಸದೊಂದು ಮಾಡಿಸಿ, "ಇಷ್ಟು ದಿನ ಎಂತ ಮಾಡ್ತಾ ಇದ್ರಿ?" ಎಂದು ಗದರಿದಳು. "ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಮ್ಮ ಅಂಗಡಿಗೆ ಬಂದು ಒಂದು ದಿನ ನಿಂತು ನೋಡಿ. ಆಮೇಲೆ ಕೇಳಿ ನೀರಿನ ಲೆಕ್ಕ" ಎಂದೆ. ಚಳಿಯಲ್ಲಿ ನಡುಗುತ್ತಲೇ ಮ್ಯಾನೇಜರನ ಕತೆಯೆಲ್ಲ ಹೇಳಿದೆ.

ಅವಳು ಕೇಳಿಸಿಕೊಂಡಳು, ಕರಗಲಿಲ್ಲ. "ಅವರ ಮೇಲಿನ ಸಿಟ್ಟು ನನ್ನ ಮೇಲೆ ಬೇಡ. ಕಲ್ಲಿನ ಹಿಂದೆ ಮೂತ್ರ ಕಟ್ಟಿ ನಿಂತು ಕೀವಾಗಿದೆ. ಆ ನಂಜು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಈಗ ಕಲ್ಲು ತೆಗೆಯುವುದಿಲ್ಲ. ಸ್ಟೆಂಟ್ ಅಂತ ಒಂದು ತೆಳು ನಳಿಗೆ ಹಾಕಿ ಕಟ್ಟಿದ್ದನ್ನು ಮೊದಲು ಬಿಡಿಸ್ತೇವೆ. ಜ್ವರ ಪೂರ್ತಿ ಇಳಿದು, ಕೆಲವು ವಾರ ಕಳೆದ ಮೇಲೆ ಕಲ್ಲು."

"ಎರಡು ಸಲ ಆಪರೇಷನ್ನಾ?"

"ಬೇಗ ಬಂದಿದ್ದರೆ ಒಂದೇ ಸಲ ಸಾಕಾಗುತ್ತಿತ್ತೋ ಏನೋ."

ನಳಿಗೆ ಹಾಕಿದ ಮರುದಿನದಿಂದ ಜ್ವರ ಇಳಿಯತೊಡಗಿತು. ಆದರೆ ಆ ನಳಿಗೆ ಮೈಯೊಳಗೆ ಇರುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮೂತ್ರಕ್ಕೆ ಹೋಗಿ ಬಂದ ಬೆನ್ನಿಗೇ ಮತ್ತೆ ಹೋಗಬೇಕು ಅನಿಸುತ್ತದೆ. ಹೋದರೆ ಉರಿ, ಜೊತೆಗೆ ಬೆನ್ನಿನವರೆಗೆ ಏರುವ ಸೆಳೆತ. ನಡೆದಾಡಿದ ದಿನ ಮೂತ್ರ ಕೆಂಪಾಗುತ್ತದೆ. ಹೆದರಿ ಫೋನು ಮಾಡಿದರೆ ಆ ವೈದ್ಯೆ, "ಸ್ಟೆಂಟ್ ಇದ್ದಾಗ ಅದೆಲ್ಲ ಆಗ್ತದೆ, ಡಿಸ್ಚಾರ್ಜ್ ದಿನ ಹೇಳಿದ್ದೆನಲ್ಲ. ಚಳಿಜ್ವರ ಬಂದರೆ, ರಕ್ತ ಗಟ್ಟಿಯಾಗಿ ಬಂದರೆ, ಮೂತ್ರ ಕಟ್ಟಿದರೆ ಬನ್ನಿ" ಎಂದಳು. ಹೇಳಿದ್ದಳು, ನಿಜ. ಜ್ವರದ ಮಂಪರಿನಲ್ಲಿದ್ದವಳ ತಲೆಗೆ ಅದು ಎಲ್ಲಿ ಹೋಗಬೇಕು?

ಆ ಸ್ಥಿತಿಯಲ್ಲೇ ಮ್ಯಾನೇಜರನ ಫೋನು. ಸೀಸನ್ ಮುಗಿಯುವ ಮೊದಲು ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಭಾರ ಎತ್ತುವುದು ಬೇಡ, ಮೆಲ್ಲನೆ ಓಡಾಡಬಹುದು ಎಂದು ವೈದ್ಯೆ ಹೇಳಿದ್ದರಿಂದ ಹೋದೆ.

ಮೊದಲ ದಿನವೇ, ಮಧ್ಯಾಹ್ನ ಆಗುವ ಮೊದಲು, ಬಾಯಿಪಾಠದ ಹಾಗೆ ಅದೇ ಮಾತು. ಅದೇ ಗಡಿಯಾರ, ಅದೇ ನಗು. "ಈಗಷ್ಟೇ ಹೋದದ್ದಲ್ವಾ?"

ನಾನು ಕೈಯಲ್ಲಿದ್ದ ಸೀರೆ ಕೆಳಗಿಟ್ಟೆ. "ಹೌದು ಸರ್, ಈಗಷ್ಟೇ ಹೋದದ್ದು. ಈಗ ಮತ್ತೆ ಹೋಗ್ತೇನೆ. ಇನ್ನೂ ಹತ್ತು ಸಲ ಹೋಗ್ತೇನೆ. ನನಗೆ ಮೂತ್ರದಲ್ಲಿ ರಕ್ತ ಬರ್ತಾ ಉಂಟು. ನಿಮಗೆ ನಗು ಬರುವುದಾದರೆ ನಗಿ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಮಹಡಿಯ ಆ ತುದಿಯವರೆಗೂ ಕೇಳಿಸಿರಬೇಕು. ಸೀರೆಯ ಬೆಲೆ ಕೇಳುತ್ತಿದ್ದ ಒಬ್ಬರು ನಮ್ಮತ್ತ ತಿರುಗಿದರು. ಮ್ಯಾನೇಜರನ ಮುಖ ಕೆಂಪಾಯಿತು. "ಗಿರಾಕಿಗಳ ಎದುರು ಎಂತ ಮಾತು ಇದು" ಎಂದ, ಮೆಲ್ಲಗೆ.

"ಇಷ್ಟು ವರ್ಷ ಗಿರಾಕಿಗಳ ಎದುರೇ ಕೇಳಿದ್ದು ನೀವಲ್ವಾ?"

ಜೊತೆಯವರು ನನ್ನ ಬೆನ್ನಿಗೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಶೌಚಾಲಯದಿಂದ ಹೊರಗೆ ಬಂದಾಗ, ಪಕ್ಕದ ಕೌಂಟರಿನವಳು, ವರ್ಷಗಳಿಂದ ನನ್ನೊಡನೆ ಬುತ್ತಿ ಹಂಚಿಕೊಂಡವಳು, "ಥೂ, ಮರ್ಯಾದೆ ತೆಗೆದೆ. ಇನ್ನು ನಮ್ಮ ಮೇಲೂ ಹಾರಾಡ್ತಾನೆ" ಎಂದಳು. ಅವನ ನಗುವಿಗಿಂತ ಅದು ಹೆಚ್ಚು ಚುಚ್ಚಿತು. ಮರುದಿನ ನನ್ನನ್ನು ಗೋದಾಮಿಗೆ ಹಾಕಿದರು, ಕಟ್ಟು ಬಿಚ್ಚಿ ಚೀಟಿ ಅಂಟಿಸುವ ಕೆಲಸಕ್ಕೆ. ಕಟ್ಟು ಎತ್ತಲಾಗದು ಎಂದೆ. ಹಾಗಾದರೆ ಮನೆಯಲ್ಲಿರಿ ಎಂದರು. ಬ್ಯಾಗು ತೆಗೆದುಕೊಂಡು ಹೊರಟೆ, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಕಲ್ಲು ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಎಲ್ಲಿಯೂ ಕೊಯ್ಯುವುದಿಲ್ಲ, ಮೂತ್ರದ ದಾರಿಯಲ್ಲೇ ಸಪೂರ ದುರ್ಬೀನು ಹಾಕಿ ಲೇಸರಿನಿಂದ ಕಲ್ಲನ್ನು ಪುಡಿ ಮಾಡುತ್ತಾರೆ ಎಂದು ಈ ಸಲ ನಾನೇ ಕೂತು ಒಂದೊಂದಾಗಿ ಕೇಳಿ ತಿಳಿದುಕೊಂಡಿದ್ದೆ. ಬೆನ್ನಿಗೆ ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿ ಕಾಲು ಬೆಚ್ಚಗಾಗಿ, ಆಮೇಲೆ ನನ್ನದಲ್ಲದ ಹಾಗಾಯಿತು. ಎಚ್ಚರವಿತ್ತು. ನೋವಿರಲಿಲ್ಲ. ಎ.ಸಿ.ಯ ಚಳಿಗೆ ಭುಜ ನಡುಗುತ್ತಿತ್ತು. ಪರದೆಯ ಆಚೆ ಟಿಕ್ ಟಿಕ್ ಎಂಬ ಸದ್ದು, ನೀರು ಹರಿಯುವ ಸದ್ದು. ಗಂಡ ಹೊರಗೆ ಕೂತಿದ್ದರು. ಅಕ್ಕ ಬಂದಿರಲಿಲ್ಲ, ನಾನೂ ಕರೆದಿರಲಿಲ್ಲ.

ಮತ್ತೊಂದು ಹೊಸ ನಳಿಗೆ ಕೆಲವು ದಿನ ಒಳಗೇ ಇತ್ತು. ಅದನ್ನು ತೆಗೆಯುವಾಗ ಮಂಪರಿನ ಮದ್ದು ಕೊಡಲಿಲ್ಲ, ಜೆಲ್ಲಿ ಹಚ್ಚಿ ಎಳೆದರು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಆಗಿಹೋದರೂ ಬಾಯಿಂದ ಬೈಗುಳ ಬಂದೇ ಬಂತು. ವೈದ್ಯೆ ಮೊದಲ ಸಲ ನಕ್ಕಳು. "ಕಲ್ಲು ಒಮ್ಮೆ ಆದವರಿಗೆ ಮತ್ತೆ ಆಗಬಹುದು. ಮೂತ್ರ ನೀರಿನ ಬಣ್ಣದಲ್ಲಿ ಬರುವಷ್ಟು ನೀರು ಕುಡಿಯಬೇಕು. ಉಪ್ಪು ಕಡಿಮೆ ಮಾಡಿ. ವರ್ಷಕ್ಕೊಮ್ಮೆ ಸ್ಕ್ಯಾನ್" ಎಂದಳು.

ಈಗ ಬನ್ನಂಜೆಯಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇನೆ. ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಕಳೆದ ಸಲದ ಸ್ಕ್ಯಾನಿನಲ್ಲಿ ಬಲಗಡೆ ಒಂದು ಮರಳಿನ ಕಾಳಿನಷ್ಟು ಏನೋ ಕಂಡಿದೆಯಂತೆ, ಸದ್ಯಕ್ಕೆ ಅದರ ಸುದ್ದಿಗೆ ಹೋಗುವುದು ಬೇಡ ಎಂದಿದ್ದಾರೆ. ಮೊನ್ನೆ ಹಳೆಯ ಅಂಗಡಿಯ ಪಕ್ಕದ ಕೌಂಟರಿನವಳು ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಸೊಂಟ ಹಿಡಿದುಕೊಂಡು ನಿಂತಿದ್ದಳು. ಎಂತಾಯಿತು ಎಂದು ಕೇಳಿದೆ. "ಎಂತ ಇಲ್ಲ, ವಾಯು" ಎಂದಳು. ಸ್ಕ್ಯಾನ್ ಮಾಡಿಸು ಎಂದೆ. ಅವಳು ಮುಖ ಆಚೆ ತಿರುಗಿಸಿ ತನ್ನ ಬಸ್ಸು ಹತ್ತಿದಳು.