ವಾಸನೆ ಮೇಸ್ತ್ರಿಯ ಮೂಗು

ನಮ್ಮಣ್ಣನ ತಲೆ ಒಡೆಯುತ್ತೇನೆಂದು ಕೂಗಿಕೊಂಡು ಬಂದವರು ಈ ಬೀದಿಯಲ್ಲಿ ಕಡಿಮೆಯೇನಲ್ಲ. ಅವರಲ್ಲಿ ಅರ್ಧ ಜನ ಅವನ ಕೈಯಲ್ಲೇ ಗಾಡಿ ರಿಪೇರಿ ಮಾಡಿಸಿಕೊಂಡು, ಅವನು ತರಿಸಿದ ಟೀ ಕುಡಿದು ಹೋದರು. ಉಳಿದರ್ಧ ಜನ ಬಾಯಿಂದ ಬಂದ ರಕ್ತ ಒರೆಸಿಕೊಂಡು ಹೋದರು. ಕೈಯಲ್ಲಿ ಜಾಕ್ ರಾಡ್ ಹಿಡಿದು, ದನಿಯೇ ಎತ್ತರಿಸದೆ ಬಂದು ನಿಂತವನು, ಬೀದಿಯವರೆಲ್ಲ ಆರಡಿ ಎಂದು ಕರೆಯುವವನು ಒಬ್ಬನೇ. ಆ ದಿನದ ಕಥೆ ಹೇಳುವ ಮೊದಲು ಅಣ್ಣ ಎಂಥವನೆಂದು ಹೇಳಬೇಕು.

ಅಣ್ಣ ಕಾರ್ ಮೆಕ್ಯಾನಿಕ್. ನಾನು ಅವನ ತಮ್ಮ, ಗ್ಯಾರೇಜಿನಲ್ಲಿ ಪಾಲುದಾರ, ಕೋಪದಲ್ಲೂ ಸಮಪಾಲು. ಇಬ್ಬರಿಗೂ ಕೆಲಸ ಕಲಿಸಿದವರು ಅಪ್ಪ, ಕಲಿಸಿದ್ದು ಫ್ಯಾನ್ ಬೆಲ್ಟಿನಲ್ಲಿ. ನಟ್ಟು ತಪ್ಪಾಗಿ ತಿರುಗಿಸಿದರೆ ಬೆನ್ನಿಗೊಂದು, ಸರಿಯಾಗಿ ತಿರುಗಿಸಿ ಹಲ್ಲು ಕಿಸಿದರೆ ಇನ್ನೊಂದು. ಅಪ್ಪ ತೀರಿಕೊಂಡ ಮೇಲೂ ಆ ಬೆಲ್ಟ್ ಮೊಳೆಯ ಮೇಲೆ ನೇತಾಡುತ್ತಿತ್ತು. ತೆಗೆದು ಬಿಸಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಹೀಗೆ ಬೆಳೆದವರು ನಾವು, ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಹೊಡೆದುಕೊಂಡ ಅರ್ಧ ಗಂಟೆಗೆಲ್ಲ ಒಂದೇ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆವು.

ಅಪ್ಪನಿಂದ ಅಣ್ಣನಿಗೆ ಮಾತ್ರ ಬಂದ ವಿದ್ಯೆ ಮೂಗಿನದು. ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತಿ, ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಆಯಿಲ್ ಸುಟ್ಟಿದೆಯೋ, ಅದಕ್ಕೆ ಪೆಟ್ರೋಲ್ ಇಳಿದಿದೆಯೋ ಅಷ್ಟರಲ್ಲೇ ಹೇಳಿಬಿಡುತ್ತಿದ್ದ. ಬೇರೆಯವರು ಕಂಪ್ಯೂಟರ್ ಸಿಕ್ಕಿಸಿ ಅರ್ಧ ದಿನ ತಲೆ ಕೆರೆದುಕೊಳ್ಳುವ ಕಡೆ ಇವನಿಗೆ ಎರಡು ಉಸಿರು ಸಾಕಾಗುತ್ತಿತ್ತು. ಎಲ್ಲರೂ ಅವನನ್ನು ವಾಸನೆ ಮೇಸ್ತ್ರಿ ಎಂದರು. ಅತ್ತಿಗೆ ಮಾತ್ರ, ಮದುವೆಯಾದ ಹೊಸದರಲ್ಲಿ ನನ್ನ ತಲೆಗೂದಲು ಮೂಸುತ್ತಿದ್ದರು, ಈಗ ಎಂಜಿನ್ ಬಿಟ್ಟು ಏನೂ ಮೂಸುವುದಿಲ್ಲ ಎಂದು ನನ್ನೆದುರೇ ಅವನ ಕಾಲೆಳೆಯುತ್ತಿದ್ದರು.

ಆರಡಿ ಬರುವುದಕ್ಕೆ ಆರು ತಿಂಗಳ ಮೊದಲು ನಾವಿಬ್ಬರೂ ಜಗಳವಾಡಿದೆವು. ಯಾತಕ್ಕೆ ಎಂದರೆ ನಗುತ್ತೀರಿ, ಹತ್ತನೇ ನಂಬರ್ ಸ್ಪ್ಯಾನರಿಗೆ. ಅವನು ಎಲ್ಲಿ ಎಂದ, ನೀನೇ ಎಲ್ಲೋ ಬಿಸಾಕಿರುತ್ತೀಯ ಎಂದೆ. ಕೆನ್ನೆಗೆ ಬಿತ್ತು. ಕಿವಿ ಗುಂಯ್ಯೆಂದಿತು, ಮೈಮೇಲೆ ಪ್ರಜ್ಞೆ ಇರಲಿಲ್ಲ, ಎರಡೂ ಕೈಯಿಂದ ಅವನ ಎದೆಗೆ ನೂಕಿದೆ. ತಲೆಯ ಹಿಂಭಾಗ ಗಾಡಿ ಎತ್ತುವ ರ್‍ಯಾಂಪಿನ ಕಬ್ಬಿಣದ ಕಂಬಕ್ಕೆ ಬಡಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅವನು ಕಂಬಕ್ಕೆ ಜಾರಿಕೊಂಡು ಕೂತ, ಆಮೇಲೆ ಒಂದು ಪಕ್ಕಕ್ಕೆ ಬಿದ್ದ. ಗ್ಯಾರೇಜಿನ ಹಿಂದಿನ ಮನೆಯಿಂದ ಅತ್ತಿಗೆ ಓಡಿ ಬಂದು ನೀರು ಚಿಮುಕಿಸಿ ಕೆನ್ನೆ ತಟ್ಟುವವರೆಗೆ ಕಣ್ಣು ಬಿಡಲಿಲ್ಲ. ಸ್ಪ್ಯಾನರ್ ನನ್ನ ಪ್ಯಾಂಟಿನ ಹಿಂಜೇಬಿನಲ್ಲೇ ಇತ್ತು.

ಮೂರು ದಿನ ತಲೆನೋವೆಂದು ಮಲಗಿದ, ನಾಲ್ಕನೇ ದಿನ ಕೆಲಸಕ್ಕೆ ಬಂದ. ಒಂದು ತಿಂಗಳು ಮಾತು ಬಿಟ್ಟಿದ್ದೆವು. ಆಮೇಲೆ ಎಲ್ಲ ಮೊದಲಿನಂತೆಯೇ ಆಯಿತೆಂದು ನಾನು ತಿಳಿದೆ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ನಿಮ್ಮಣ್ಣ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು ಎಂದು ಅತ್ತಿಗೆ ಒಮ್ಮೆ ಹೇಳಿದರು. ವಯಸ್ಸಾಯಿತು ಬಿಡಿ ಎಂದು ನಕ್ಕೆ. ಆ ನಗುವಿಗೆ ನನ್ನನ್ನು ನಾನೇ ಕ್ಷಮಿಸಿಕೊಂಡಿಲ್ಲ.

ಆರಡಿ ಟ್ಯಾಕ್ಸಿ ಡ್ರೈವರ್. ಉದ್ದಕ್ಕೆ ತಕ್ಕ ಹೆಸರು, ಆದರೆ ಸ್ವಭಾವದಲ್ಲಿ ಇರುವೆಯನ್ನೂ ದಾಟಿಕೊಂಡು ನಡೆಯುವವನು. ಒಂದು ಸಂಜೆ ಅವನು ಗಾಡಿ ತಂದಾಗ ನಾನು ಸಾಮಾನು ತರಲು ಹೊರಗೆ ಹೋಗಿದ್ದೆ. ಎಂಜಿನ್ ಬಿಸಿಯಾಗಿದ್ದಾಗ ನಿಲ್ಲಿಸಿದರೆ ಮತ್ತೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಆದಾಗ ಕಪ್ಪು ಹೊಗೆ ಉಗುಳುತ್ತದೆ ಎಂದು ಅಣ್ಣನಿಗೆ ಹೇಳಿದ. ಅಣ್ಣ ಕಡ್ಡಿ ಎಳೆದು ಮೂಸಿ, ಆಯಿಲ್ ಚೆನ್ನಾಗಿದೆ, ಬ್ಯಾಟರಿಯ ವೈರು ಸಡಿಲ ಎಂದು ಬಿಗಿ ಮಾಡಿ ಕಳಿಸಿದ. ಮರುದಿನ ಮಧ್ಯಾಹ್ನ ಆರಡಿಯ ತಂದೆಗೆ ಎದೆನೋವು ಬಂತು. ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದ. ಡಾಕ್ಟರ್ ಹತ್ತು ನಿಮಿಷ ನೋಡಿ, ದೊಡ್ಡಾಸ್ಪತ್ರೆಗೆ ಓಡಿ ಎಂದರು. ತಂದೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀ ತಿರುಗಿಸಿದ, ಗಾಡಿ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸಾಯುವವರೆಗೆ ತಿರುಗಿಸಿದ. ಬೇರೆ ಗಾಡಿ ಸಿಗುವಷ್ಟರಲ್ಲಿ ಮುದುಕನ ಕೈಕಾಲು ತಣ್ಣಗಾಗಿತ್ತು.

ಐದನೇ ದಿನ ಬೆಳಿಗ್ಗೆ ಆ ಗಾಡಿಯನ್ನು ವ್ಯಾನಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಕಣ್ಣು ಕೆಂಡದಂತಿತ್ತು, ಗಡ್ಡ ಬೆಳೆದಿತ್ತು. ವ್ಯಾನಿನವನನ್ನು ಕಳಿಸಿ, ಗ್ಯಾರೇಜಿನ ಷಟರನ್ನು ಅರ್ಧಕ್ಕೆಳೆದು, ತಾನು ಅದರ ಮುಂದೆ ನಿಂತ.

"ಬಾನೆಟ್ ಎತ್ತು ಮೇಸ್ತ್ರಿ. ಏನಾಗಿದೆ ಅಂತ ನನ್ನ ಮುಂದೆ ನೋಡಿ ಹೇಳು. ಗಾಡಿ ತಪ್ಪಾದ್ರೆ ಗಾಡಿ ಒಡೀತೀನಿ. ನಿನ್ನ ತಪ್ಪಾದ್ರೆ ನಿನ್ನ ತಲೆ."

ಬೇರೆ ದಿನವಾಗಿದ್ದರೆ ಅಣ್ಣ ಆ ರಾಡನ್ನೇ ಕಿತ್ತುಕೊಳ್ಳುತ್ತಿದ್ದ. ಅಂದು ಸುಮ್ಮನೆ ಹೋಗಿ ಬಾನೆಟ್ ಎತ್ತಿದ. ಕಡ್ಡಿ ಎಳೆದು ಮೂಗಿಗೆ ಹಿಡಿದ. ಎರಡು ಹೆಜ್ಜೆ ಆಚೆ ನಿಂತ ನನಗೆ ಪೆಟ್ರೋಲ್ ವಾಸನೆ ಗಪ್ಪನೆ ಹೊಡೆಯಿತು. ಅಣ್ಣ ಈ ಸಲ ಕಣ್ಣು ಮುಚ್ಚಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ರಾಡಿನ ಭಯಕ್ಕೆ ನನ್ನ ಮುಖ ಮರಗಟ್ಟಿತ್ತು, ಅದರಲ್ಲಿ ಅವನಿಗೆ ಏನೂ ಸಿಗಲಿಲ್ಲ.

"ಆಯಿಲ್ ಚೆನ್ನಾಗಿದೆ" ಎಂದ.

ಆಗ ನನಗೆ ಎಲ್ಲ ಹೊಳೆಯಿತು. ಆರು ತಿಂಗಳಿಂದ ಅವನು ಕಡ್ಡಿ ಎಳೆದಾಗಲೆಲ್ಲ ನಾನು ಪಕ್ಕದಲ್ಲಿದ್ದೆ. ನಾನು ಮೂಗು ಸಿಂಡರಿಸಿದರೆ ಪೆಟ್ರೋಲ್ ಎನ್ನುತ್ತಿದ್ದ, ಇಲ್ಲದಿದ್ದರೆ ಚೆನ್ನಾಗಿದೆ ಎನ್ನುತ್ತಿದ್ದ. ಅಭ್ಯಾಸಕ್ಕೆ ಮೂಸುತ್ತಿದ್ದನೇ ಹೊರತು ಅವನ ಮೂಗು ಆ ಕಂಬಕ್ಕೆ ಬಡಿದ ದಿನವೇ ಸತ್ತಿತ್ತು. ಆರಡಿ ಬಂದ ಸಂಜೆ ಓದಿಕೊಳ್ಳಲು ನನ್ನ ಮುಖ ಅಲ್ಲಿರಲಿಲ್ಲ.

ಸುಳ್ಳು ಹೇಳಿಬಿಡೋಣ ಎನ್ನಿಸಿತು, ಒಪ್ಪಿಕೊಳ್ಳುತ್ತೇನೆ. ಬ್ಯಾಟರಿ ಹಳೆಯದು ಎಂದರೆ ಅಣ್ಣನ ತಲೆ ಉಳಿಯುತ್ತಿತ್ತು. ಆದರೆ ಆಗ ನನ್ನ ಮುಖ ಬದಲಾಗಿತ್ತು, ಅವನು ಅದನ್ನು ಓದಿಯಾಗಿತ್ತು. ಕಡ್ಡಿಯ ಆಯಿಲನ್ನು ಬೆರಳಿಗೆ ಸವರಿ ಉಜ್ಜಿ ನೋಡಿದ. ಅದು ನೀರಿನಂತೆ ಹರಿಯಿತು. ಪೆಟ್ರೋಲ್ ಸೇರಿ ಮಟ್ಟವೂ ಗೆರೆ ದಾಟಿ ಮೇಲಿತ್ತು. ಎಂಜಿನ್ ಎದುರಿಗಿದ್ದರೆ ಅವನಿಗೆ ತನ್ನ ತಲೆಯ ಯೋಚನೆ ಇರುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚು ಎಂದು ನನಗೆ ಹೇಳಿದ.

ನಾಲ್ಕರಲ್ಲಿ ಮೂರನೇ ಪ್ಲಗ್ ಕಪ್ಪಗೆ, ತೊಯ್ದು ತೊಪ್ಪೆಯಾಗಿ ಬಂತು. ಕಿಡಿ ಹಾರದಂತೆ ಕಾಯಿಲಿನ ವೈರುಗಳನ್ನು ಕಳಚಿ, ಹೊಸ ಬ್ಯಾಟರಿ ಜೋಡಿಸಿ ಎಂಜಿನ್ ತಿರುಗಿಸಿದೆ. ಮೂರನೇ ತೂತಿನಿಂದ ಪೆಟ್ರೋಲ್ ಚಿಮ್ಮಿ ಬಾನೆಟ್ಟಿನ ಒಳಮೈಗೆ ಹೊಡೆಯಿತು. ಆರಡಿ ಒಂದು ಹೆಜ್ಜೆ ಹಿಂದೆ ಸರಿದ, ರಾಡ್ ಮಾತ್ರ ಇಳಿಸಲಿಲ್ಲ. ಅಣ್ಣ ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳ ಸಾಲನ್ನು ಬಿಚ್ಚಿ ಮೇಲೆತ್ತಿ, ಒಂದೊಂದರ ಕೆಳಗೂ ಹಳೇ ಪೇಪರಿನ ಚೂರು ಇಟ್ಟ. ಕೀ ಹಾಕಿ ಪಂಪಿನ ಒತ್ತಡ ಏರಿಸಿ ಕಾದೆವು. ನಾಲ್ಕರಲ್ಲಿ ಮೂರು ಚೂರು ಒಣಗಿಯೇ ಇದ್ದವು. ಮೂರನೇ ಇಂಜೆಕ್ಟರಿನ ಮೂತಿಯಲ್ಲಿ ಒಂದು ಹನಿ ತುಂಬಿಕೊಂಡು ಕೆಳಗಿನ ಚೂರಿಗೆ ಬಿತ್ತು. ಹಿಂದೆಯೇ ಇನ್ನೊಂದು. ಗಾಡಿ ನಿಂತಾಗ ಮುಚ್ಚಿಕೊಳ್ಳಬೇಕಾದ ಇಂಜೆಕ್ಟರ್ ಸೋರಿ ಎಂಜಿನ್ನಿಗೆ ಪೆಟ್ರೋಲ್ ಕುಡಿಸುತ್ತಿತ್ತು. ಕ್ಲಿನಿಕ್ಕಿನ ಹತ್ತು ನಿಮಿಷದಲ್ಲಿ ಅದು ಹೊಟ್ಟೆ ತುಂಬ ಕುಡಿದಿತ್ತು.

ಆರಡಿ ಆ ಒದ್ದೆ ಪೇಪರನ್ನು ಎತ್ತಿ ತಾನೇ ಮೂಸಿದ. "ಇದು ಆ ಸಂಜೆನೂ ಇತ್ತಾ?" ಎಂದು ಕೇಳಿದ.

"ಇತ್ತು" ಎಂದ ಅಣ್ಣ. "ನನಗೆ ಗೊತ್ತಾಗ್ಲಿಲ್ಲ."

ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಆದರೆ ನಮ್ಮಣ್ಣ ಕೆಲಸದ ವಿಷಯದಲ್ಲಿ ಹೆಣದ ಮುಂದೆಯೂ ಪೂರ್ತಿ ಉತ್ತರ ಕೊಡುವ ಪ್ರಾಣಿ. "ಆಕ್ಸಿಲರೇಟರನ್ನ ನೆಲಕ್ಕೆ ಮುಟ್ಟೋ ಹಾಗೆ ತುಳಿದು ಕೀ ತಿರುಗಿಸಿದ್ರೆ ಪೆಟ್ರೋಲ್ ನಿಂತು, ಗಾಳಿ ಹೋಗಿ, ಹತ್ತಿಕೊಳ್ತಿತ್ತು. ಸೋರ್ತಿದೆ ಅಂತ ತಿಳಿದಿದ್ರೆ ಆ ಸಂಜೆನೇ ಹೇಳಿ ಕಳಿಸ್ತಿದ್ದೆ" ಎಂದ.

ಆರಡಿಯ ಬಾಯಿಂದ ಬಂದದ್ದು ಮಾತಲ್ಲ, ಗಂಟಲು ಹರಿದ ಸದ್ದು. ಒಂದು ಪೆಡಲ್ ತುಳಿದಿದ್ದರೆ ಅಪ್ಪ ಉಳಿಯಬಹುದಿತ್ತು ಎಂದು ಕೇಳಿಸಿಕೊಂಡ ಮಗ ಏನು ಮಾಡಿಯಾನು. ರಾಡ್ ಮೇಲಕ್ಕೆ ಹೋಯಿತು. ಅಣ್ಣ ಕೈ ಅಡ್ಡ ತರಲಿಲ್ಲ, ತಲೆ ತಗ್ಗಿಸಿ ನಿಂತ. ಜನ್ಮದಲ್ಲಿ ಮೊದಲ ಸಲ ಅವನು ಹೊಡೆತಕ್ಕೆ ತಲೆ ಕೊಟ್ಟದ್ದನ್ನು ನೋಡಿದೆ, ನೋಡಲಾಗಲಿಲ್ಲ. ನಡುವೆ ನುಗ್ಗಿದೆ.

"ಅವನ ಮೂಗು ಸತ್ತು ಆರು ತಿಂಗಳಾಯ್ತು. ಇದೇ ಕಂಬಕ್ಕೆ ತಲೆ ಬಡಿಸಿ ಸಾಯಿಸಿದ್ದು ನಾನು. ಹೊಡೆಯೋದಾದ್ರೆ ನನ್ನ ಹೊಡಿ."

ಹೊಡೆದ. ತಲೆಗೆ ಅಡ್ಡ ಹಿಡಿದ ಎಡಗೈಯ ಮೂಳೆ ಲಟ್ಟೆಂದದ್ದು ಮೂವರಿಗೂ ಕೇಳಿಸಿತು. ನಾನು ಮಂಡಿಯೂರಿ ಬಿದ್ದೆ. ಆರಡಿ ತಿರುಗಿ ತನ್ನ ಗಾಡಿಯ ಮೇಲೆ ಬಿದ್ದ. ಮುಂದಿನ ಗಾಜು, ದೀಪಗಳು, ಬಾಗಿಲು, ಸಿಕ್ಕಿದ್ದಕ್ಕೆಲ್ಲ ಬಾರಿಸಿದ. ಹಿಂದಿನ ಬಾಗಿಲನ್ನು ಮಾತ್ರ ಮುಟ್ಟಲಿಲ್ಲ. ತಂದೆ ಮಲಗಿದ್ದ ಸೀಟು ಅದರ ಒಳಗಿತ್ತು. ಕೊನೆಗೆ ರಾಡ್ ಬಿಸುಟು ಆ ಬಾಗಿಲಿಗೆ ಒರಗಿ ಕೂತು ಅತ್ತ.

ಅಷ್ಟರಲ್ಲಿ ಅಣ್ಣ ವೀಲ್ ಸ್ಪ್ಯಾನರ್ ಎತ್ತಿಕೊಂಡಿದ್ದ. ನನ್ನ ಕೈ ಜೋತು ಬಿದ್ದದ್ದನ್ನು ನೋಡಿ ಅವನ ಹಳೇ ರಕ್ತ ಕುದಿದಿತ್ತು. ಆರಡಿ ಅವನನ್ನು ನೋಡಿದ, ಅಲುಗಲಿಲ್ಲ, ಹೊಡಿ ಎನ್ನುವಂತೆ ಕತ್ತು ಚಾಚಿದ. ಸಾಕಣ್ಣ, ಕೆಳಗಿಡು ಎಂದೆ. ಅವನು ಅದನ್ನು ಕೆಳಗಿಡಲು ತೆಗೆದುಕೊಂಡಷ್ಟು ಹೊತ್ತನ್ನು ಒಂದು ಎಂಜಿನ್ ಬಿಚ್ಚಲೂ ತೆಗೆದುಕೊಂಡಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕುವಾಗ ಅಣ್ಣ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಗೋಡೆ ನೋಡಿಕೊಂಡು ಹೇಳಿದ: "ಹೇಳಿದ್ರೆ ನೀನು ಗ್ಯಾರೇಜ್ ಬಿಟ್ಟು ಹೋಗ್ತಿದ್ದೆ ಕಣೋ. ನಿನ್ನ ಮುಖ ನೋಡಿ ಹೇಗೋ ನಡೆಸಿಬಿಡೋಣ ಅಂದ್ಕೊಂಡೆ."

ನನ್ನನ್ನು ಉಳಿಸಿಕೊಳ್ಳಲು ಅವನು ಸುಳ್ಳು ಮೂಸಿದ. ಒಬ್ಬ ಮುದುಕನ ಜೀವ ಹೋಯಿತು. ನೂಕಿದ ಕೈ ನನ್ನದು. ಈ ಮೂರನ್ನೂ ಎಷ್ಟು ತಿರುಗಿಸಿ ನೋಡಿದರೂ ನನಗೆ ಬೇರೆ ರೀತಿ ಜೋಡಿಸಲಾಗಿಲ್ಲ. ಮನೆಗೆ ಬಂದ ದಿನ ಅತ್ತಿಗೆ ಅಪ್ಪನ ಬೆಲ್ಟನ್ನು ಮೊಳೆಯಿಂದ ಕಿತ್ತು, ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು.

ಆರಡಿಯ ಗಾಡಿಗೆ ಹೊಸ ಇಂಜೆಕ್ಟರ್, ಹೊಸ ಆಯಿಲ್, ಹೊಸ ಗಾಜು ಹಾಕಿ ಅಣ್ಣನೇ ಅವನ ಮನೆ ಮುಂದೆ ನಿಲ್ಲಿಸಿ ಬಂದ. ಇನ್ನು ಅವನು ಈ ಕಡೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆವು. ಎರಡು ತಿಂಗಳಿಗೆ ಬಂದ. ತಾನೇ ಬಾನೆಟ್ ಎತ್ತಿ, ಕಡ್ಡಿ ಎಳೆದು, ಅಣ್ಣನನ್ನು ದಾಟಿ ಬಂದು ನನ್ನ ಮೂಗಿನ ಮುಂದೆ ಹಿಡಿದ. ಈಗಲೂ ಎರಡು ತಿಂಗಳಿಗೊಮ್ಮೆ ಬರುತ್ತಾನೆ. ನಾನು ಸೊಟ್ಟಗೆ ಕೂಡಿಕೊಂಡ ಎಡಗೈಯಿಂದ ಕಡ್ಡಿ ಹಿಡಿದು, ಸಮಯ ತೆಗೆದುಕೊಂಡು, ಎರಡು ಸಲ ಮೂಸುತ್ತೇನೆ. ಅವರಿಬ್ಬರೂ ಆಚೆ ಈಚೆ ನಿಂತು ನನ್ನ ಮುಖ ನೋಡುತ್ತಿರುತ್ತಾರೆ.